ತಂಗೆವ್ವ ಮುಟ್ಟದ ಭಂಡಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಲಿ. ಮೂವತ್ತೊಂದು ವರ್ಷ ಜಮಖಂಡಿಯ ಸಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ನಿವೃತ್ತಿಯಾದ ಮೇಲೆ ನಮ್ಮ ಕ್ರೈಸ್ತ ಸಭೆಯ ಹೆಂಗಸರಿಗೆ ಪ್ರತಿ ಬುಧವಾರ ದೇವರ ವಾಕ್ಯ ಕಲಿಸುತ್ತೇನೆ. ಕಲಿಸುತ್ತಿದ್ದೇನೆ ಎಂದೇ ತಿಳಿದುಕೊಂಡಿದ್ದೆ, ಹೋದ ವರ್ಷದ ಮಾರ್ಚ್ ತಿಂಗಳವರೆಗೆ. ಆ ತಿಂಗಳು ಹುನ್ನೂರಿನ ತಂಗೆವ್ವ ನನಗೆ ಕಲಿಸಿದಳು. ಅದೂ ಊರ ಮಂದಿಯ ಮುಂದೆ, ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ. ಅವಳ ಬಗ್ಗೆ ಬರೆಯಬೇಕೆಂದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ತಂಗೆವ್ವನಿಗೆ ಈಗ ಐವತ್ತೆಂಟೋ ಅರವತ್ತೋ. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ, ಹೊಳೆಯ ದಂಡೆಯಲ್ಲಿ ಹುಟ್ಟಿದವಳು. ಕುರಿ ಕಾಯುವವರ ಮಗಳು, ಹುನ್ನೂರಿಗೆ ಬಂದು ಕುರಿ ಕಾಯುವವರ ಸೊಸೆಯಾದಳು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನಿಗೆ ಹಾವು ಕಚ್ಚಿತು. ಮಕ್ಕಳಿರಲಿಲ್ಲ. ಅದೇ ವರ್ಷ ಭಾವ ರೇವಪ್ಪನ ಹೆಂಡತಿ ಹೆರಿಗೆಯಲ್ಲಿ ಹೋದಳು, ಗಂಡು ಕೂಸು ಉಳಿಯಿತು. ಆ ಕೂಸೇ ಮಾಳು. ತಂಗೆವ್ವ ಆಡಿನ ಹಾಲು ಕುಡಿಸಿ, ಕಂಬಳಿಯಲ್ಲಿ ಸುತ್ತಿಕೊಂಡು ಕುರಿಗಳ ಹಿಂದೆ ತಿರುಗಿ ಅವನನ್ನು ಸಾಕಿದಳು. ಮಾಳುವಿಗೆ ಈಗ ಮೂವತ್ತಾರು, ಎರಡು ಹೆಣ್ಣುಮಕ್ಕಳ ತಂದೆ. ಅವಳನ್ನು ಇವತ್ತಿಗೂ ಚಿಗವ್ವ ಎಂದೇ ಕರೆಯುತ್ತಾನೆ. ಅವ್ವ ಎಂಬ ಶಬ್ದವನ್ನು ಅವನು ಇನ್ನಾರಿಗೂ ಬಳಸಿದವನಲ್ಲ.

ಹನ್ನೆರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಂಗಸು ನಮ್ಮ ಸಭೆಯವಳು, ದಿನಾ ಪ್ರಾರ್ಥನೆ ಮಾಡುತ್ತಿದ್ದಳು. ತಂಗೆವ್ವ ಕೇಳುತ್ತ ಕೇಳುತ್ತ ತಾನೂ ಕಣ್ಣು ಮುಚ್ಚತೊಡಗಿದಳು. ಡಿಸ್ಚಾರ್ಜ್ ಆದ ಮೇಲೆ ರವಿವಾರ ರವಿವಾರ, ಆಮೇಲೆ ಬುಧವಾರವೂ, ಬಸ್ಸು ಹತ್ತಿ ಸಭೆಗೆ ಬರಲು ಶುರುಮಾಡಿದಳು. ಮನೆಯಲ್ಲಿ ಎಲ್ಲರೂ ಬೀರೇಶ್ವರನ ಭಕ್ತರು. ರೇವಪ್ಪ ಒಂದೇ ಮಾತು ಹೇಳಿದ್ದನಂತೆ: "ಹೋಗೂದಾದ್ರ ಹೋಗು, ಕಾಲ ಕಟ್ಟಿ ಹಾಕಾಂಗಿಲ್ಲ. ಆದ್ರ ಒಂದಿನ ನಿನ್ನಿಂದ ಈ ಮನಿಗೆ ಹಾನಿ ಆತಂದ್ರ, ಅವತ್ತ ಚೀಲ ಕಟ್ಟಬೇಕು ನೋಡ." ಅಂಥ ಮನೆಯಿಂದ ಪ್ರತಿ ರವಿವಾರ ಅವಳನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ತಂದು ಬಿಡುತ್ತಿದ್ದವನು ಮಾಳುವೇ.

ಅವಳಿಗೆ ಓದು ಬಾರದು. ಇಡೀ ಶಾಸ್ತ್ರವನ್ನು, ಅಂದರೆ ನಮ್ಮ ಬೈಬಲನ್ನು, ಯಾರೋ ಓದಿ ಧ್ವನಿಮುದ್ರಿಸಿದ್ದನ್ನು ಅವಳ ಮೊಬೈಲಿಗೆ ತುಂಬಿಸಿಕೊಟ್ಟವನೂ ಮಾಳುವೇ. ಕುರಿ ಮೇಯಿಸುತ್ತ ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ಕನ್ನಡಕ ಹಾಕಿಕೊಂಡು ಓದುವ ನನಗಿಂತ ಅವಳಿಗೆ ಹೆಚ್ಚು ನೆನಪಿರುತ್ತಿತ್ತು. ಮತ್ತೆ ಪ್ರಶ್ನೆಗಳು! ಒಂದು ಬುಧವಾರ ಕಳೆದುಹೋದ ಕುರಿಯ ಪಾಠ ನಡೆದಿತ್ತು. "ಅಕ್ಕೋರ, ತೊಂಬತ್ತೊಂಬತ್ತು ಕುರಿ ಅಡವ್ಯಾಗ ಬಿಟ್ಟು ಒಂದನ್ನ ಹುಡಕಾಕ ಹ್ವಾದ ಅಂತೀರಿ. ಅವನ್ನ ಕಾಯಾಕ ನಾಯಿ ಇತ್ತೇನ್ರಿ?" ಎಂದು ಕೇಳಿದಳು. ಹೆಂಗಸರೆಲ್ಲ ನಕ್ಕರು. ನನಗೆ ರೇಗಿತು. "ಶಾಸ್ತ್ರದಾಗ ಬರದಿಲ್ಲ ಅಂದ್ರ ಬರದಿಲ್ಲ, ಸುಮ್ನ ಕುಂಡ್ರು" ಎಂದೆ.

ಫೆಬ್ರುವರಿ ಕೊನೆಯ ಬುಧವಾರ ಆಣೆಯ ಪಾಠ ಬಂತು. ಸ್ವಾಮಿ ಬೆಟ್ಟದ ಮೇಲೆ ಕೂತು ಹೇಳಿದ ಮಾತು: ಆಕಾಶದ ಮೇಲಾಗಲಿ, ಭೂಮಿಯ ಮೇಲಾಗಲಿ, ನಿನ್ನ ತಲೆಯ ಮೇಲಾಗಲಿ ಆಣೆ ಇಡಲೇಬೇಡ, ಹೌದಾದರೆ ಹೌದು ಅನ್ನು, ಅಲ್ಲವಾದರೆ ಅಲ್ಲ ಅನ್ನು. ಒಬ್ಬಳು ಕೇಳಿದಳು, "ಹಂಗಾರ ಪಂಚರ ಮುಂದ ಭಂಡಾರ ಮುಟ್ಟಿ ಹೇಳು ಅಂದ್ರ?" ಬೀರೇಶ್ವರನ ಅರಿಶಿನವನ್ನು ನಮ್ಮ ಕಡೆ ಭಂಡಾರ ಎನ್ನುತ್ತಾರೆ. ಅದನ್ನು ಮುಟ್ಟಿ ಹೇಳಿದ ಮಾತಿಗೆ ಊರಲ್ಲಿ ಮೇಲ್ಮನವಿ ಇಲ್ಲ. ಮುಟ್ಟಿ ಸುಳ್ಳು ಹೇಳಿದರೆ ಅದು ಮಕ್ಕಳ ಮೇಲೆ ಬರುತ್ತದೆಂದು ನಂಬಿಕೆ. ನಾನು ಗಡಿಯಾರ ನೋಡಿದೆ, ಮನೆಗೆ ನೆಂಟರು ಬರುವವರಿದ್ದರು. "ಮುಟ್ಟಬಾರದು. ಮುಗೀತು" ಎಂದು ಪುಸ್ತಕ ಮುಚ್ಚಿದೆ. ಹೌದು, ಅಲ್ಲ ಎನ್ನುವ ಉಳಿದ ಅರ್ಧ ಮಾತಿಗೆ ನಾನು ಬರಲೇ ಇಲ್ಲ.

ಎರಡು ವಾರದ ನಂತರ, ಶನಿವಾರ ಮಧ್ಯಾಹ್ನ, ತಂಗೆವ್ವನ ಫೋನು ಬಂತು. ಗುರುವಾರ ಮಾಳುವಿನ ಹಿಂಡಿನ ಹನ್ನೊಂದು ಕುರಿ ಸತ್ತಿದ್ದವು, ಒಂದೇ ತಾಸಿನಲ್ಲಿ, ಹುಲೆಪ್ಪ ಎಂಬವನ ಹೊಲದ ನೀರಿನ ತೊಟ್ಟಿಯ ಬಳಿ. ಹುಲೆಪ್ಪ ಪರವೂರಿನವನು, ಹೆಂಡತಿಯ ತವರಿನ ಹೊಲ ಮಾಡಿಕೊಂಡು ಹುನ್ನೂರಿನಲ್ಲಿ ನಿಂತವನು. ತಿಂಗಳ ಹಿಂದೆ ಕುರಿಗಳು ಅವನ ಬದನೆ ಪಟ್ಟಿಗೆ ನುಗ್ಗಿದ್ದಾಗ, "ಇನ್ನೊಮ್ಮಿ ಬಂದ್ರ ಒಂದೂ ಉಳ್ಯಾಂಗಿಲ್ಲ ನೋಡ" ಎಂದು ಕೂಗಾಡಿದ್ದನಂತೆ. ಅವನೇ ತೊಟ್ಟಿಯ ನೀರಿಗೆ ಬದನೆಗೆ ಹೊಡೆಯುವ ಕೀಟದ ಎಣ್ಣೆ ಸುರಿದಿದ್ದಾನೆ ಎಂದು ಮಾಳು ಹೇಳಿದ್ದ. ದನದ ಡಾಕ್ಟರು ಬರುವಷ್ಟರಲ್ಲಿ ಕುರಿಗಳನ್ನು ಹೂತಾಗಿತ್ತು, ನೀರನ್ನು ಚೆಲ್ಲಿಯಾಗಿತ್ತು. ಸೋಮವಾರ ಮುಂಜಾನೆ ಪಂಚರು ಕೂಡುತ್ತಾರೆ. ತಪ್ಪು ಹುಲೆಪ್ಪನದೆಂದು ಆದರೆ ಊರು ಅವನ ಹೊಲಕ್ಕೆ ಆಳು ಕೊಡುವುದಿಲ್ಲ, ಕಾಲುವೆ ನೀರಿನ ಸರದಿ ಕೊಡುವುದಿಲ್ಲ, ಪೊಲೀಸರಿಗೂ ಬರೆದುಕೊಡುತ್ತದೆ. ಅಲ್ಲಿಗೆ ಅವನು ಊರು ಬಿಟ್ಟ ಹಾಗೆಯೇ.

"ಅದಕ್ಕ ನಿನಗೇನು?" ಎಂದೆ.

"ನನ್ನ ಸಾಕ್ಷಿಗೆ ಕರ್ದಾರ್ರಿ. ಭಂಡಾರ ಮುಟ್ಟಿ ಹೇಳಬೇಕಂತ. ಏನ ಮಾಡ್ಲಿ ಅಕ್ಕೋರ?"

ಏನು ಹೇಳಲಿ ನಿಮಗೆ, ನನಗೆ ಒಳಗೊಳಗೇ ಹುರುಪು ಬಂತು. ನಮ್ಮ ಬುಧವಾರದ ಪಾಠಕ್ಕೆ ಇಂಥ ಪರೀಕ್ಷೆ! "ಜೀವ ಹೋದ್ರೂ ಮುಟ್ಟಬ್ಯಾಡ. ಸೋಮವಾರ ನಾನ ಬರ್ತೇನಿ" ಎಂದೆ. ರವಿವಾರ ಸಭೆಯಲ್ಲಿ ಎದ್ದುನಿಂತು, ನಮ್ಮ ಸಹೋದರಿ ನಂಬಿಕೆಯಲ್ಲಿ ಗಟ್ಟಿಯಾಗಿ ನಿಲ್ಲಲಿ ಎಂದು ಎಲ್ಲರಿಂದ ಪ್ರಾರ್ಥನೆ ಮಾಡಿಸಿದೆ. ನೀನು ಏನು ನೋಡಿದೆ ಎಂಬುದೊಂದನ್ನು ಮಾತ್ರ ನಾನು ಅವಳನ್ನು ಕೇಳಿರಲಿಲ್ಲ.

ಸೋಮವಾರ ಎಂಟರ ಬಸ್ಸಿಗೆ ಹುನ್ನೂರಿನಲ್ಲಿ ಇಳಿದೆ. ತಂಗೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಎಲ್ಲರೂ ಗುಡಿಯ ಕಡೆ ಹೋಗಿದ್ದರು. ಅವಳು ತಿರುಗಿ ನೋಡದೆಯೇ ಹೇಳಿದಳು.

"ಅಕ್ಕೋರ, ಹುಲೆಪ್ಪ ಏನೂ ಮಾಡಿಲ್ರಿ. ಕುರಿ ಕೊಂದಾಕಿ ನಾನು."

ನಾನು ಚೀಲ ಕೆಳಗಿಟ್ಟು ಅವಳ ಪಕ್ಕ ಕೂತೆ.

ಗುರುವಾರ ಮಾಳು ಯಾವುದೋ ಕೆಲಸಕ್ಕೆ ಪಂಚಾಯತಿ ಆಫೀಸಿಗೆ ಹೋಗಬೇಕಿತ್ತು. "ಒಂದ ತಾಸು ನೋಡಕೋ ಚಿಗವ್ವ" ಎಂದು ಹಿಂಡು ಬಿಟ್ಟು ಹೋದ. ಪಕ್ಕದಲ್ಲೇ ಜೋಳ ಕೊಯ್ದ ಹೊಲವಿತ್ತು. ಅಕಾಲದ ಮಳೆ ಬಿದ್ದು ಕೂಳೆಗೆ ಎಳೆ ಚಿಗುರು ಬಂದಿತ್ತು. ಜೋಳದ ಆ ಎಳೆ ಚಿಗುರು ಹಸಿದ ಕುರಿಗೆ ವಿಷ, ತಿಂದ ಸ್ವಲ್ಪ ಹೊತ್ತಿನಲ್ಲೇ ಬೀಳುತ್ತವೆ. ಕುರಿ ಕಾಯುವ ಮನೆಯ ಕೂಸಿಗೂ ಇದು ಗೊತ್ತು. ತಂಗೆವ್ವ ಬದುವಿನ ಮೇಲೆ ಕೂತು ಕಿವಿಗೆ ವೈರು ಹಾಕಿಕೊಂಡು, ಕಣ್ಣು ಮುಚ್ಚಿ ಶಾಸ್ತ್ರ ಕೇಳುತ್ತಿದ್ದಳು. ಕಣ್ಣು ತೆರೆದಾಗ ಅರ್ಧ ಹಿಂಡು ಚಿಗುರಿನಲ್ಲಿತ್ತು. ಬಡಿಗೆ ಬೀಸಿ ಅವನ್ನು ಹೊರಗೆ ಹೊಡೆದಳು. ಅವು ನೀರಡಿಸಿ ನೇರ ಹುಲೆಪ್ಪನ ತೊಟ್ಟಿಗೆ ಓಡಿದವು, ಕುಡಿದವು, ಅಲ್ಲೇ ಬಿದ್ದವು. ಮಾಳು ಬಂದು ನೋಡಿದಾಗ ಅವಳು ತಲೆ ತಲೆ ಬಡಿದುಕೊಳ್ಳುತ್ತಿದ್ದಳು. ಅವನು ಅವಳ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ನೀ ಇಲ್ಲಿ ಇರಲೇ ಇಲ್ಲ. ತಿಳೀತಿಲ್ಲೊ? ಅಪ್ಪಗ ಗೊತ್ತಾದ್ರ ಇವತ್ತ ನಿನ್ನ ಹೊರಗ ಹಾಕ್ತಾನ. ಮನಿಗೆ ನಡಿ."

ಆದರೆ ಅವಳು ಬದುವಿನ ಮೇಲೆ ಕೂತದ್ದನ್ನು ಹುಲೆಪ್ಪ ದೂರದಿಂದ ನೋಡಿದ್ದ. ತಂಗೆವ್ವ ಅಲ್ಲಿದ್ದಳು, ಅವಳನ್ನೇ ಕೇಳಿರಿ ಎಂದು ಪಂಚರ ಕಾಲು ಹಿಡಿದಿದ್ದ.

ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ನಾನು ಆಗ ಏನು ಹೇಳಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಸಭೆಗೆ ಬರುವವಳು ಶಾಸ್ತ್ರ ಕೇಳುತ್ತ ಕುರಿ ಕೊಂದಳೆಂದು ಊರು ಆಡಿಕೊಂಡರೆ ಗತಿಯೇನು ಎಂಬುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಇವಳನ್ನು ಹೊರಗೆ ಹಾಕಿದರೆ ಎಲ್ಲಿಡುವುದು ಎಂಬ ದಿಗಿಲು ಬೇರೆ. "ನೋಡ ತಂಗೆವ್ವ," ಎಂದೆ, "ನೀ ಆಣಿ ಇಡಾಂಗಿಲ್ಲ ಅಂತಷ್ಟ ಹೇಳು. ಆಣಿ ಇಡದಾಕಿನ್ನ ಮುಂದ ಯಾರೂ ಕೇಳಾಂಗಿಲ್ಲ. ಸುಮ್ನಿದ್ರ ಸುಳ್ಳ ಹೇಳಿದಂಗ ಆಗೂದಿಲ್ಲ."

"ಹೌದೇನ್ರಿ?" ಎಂದು ಅವಳು ನನ್ನ ಮುಖ ನೋಡಿದಳು. ನಾನು ಹೌದೆಂದೆ. ಅವಳಿಗೂ ಅದೇ ಬೇಕಿತ್ತೆಂದು ಕಾಣುತ್ತದೆ, ಉಸಿರು ಬಿಟ್ಟು ಸೀದ ರೊಟ್ಟಿ ತೆಗೆದಳು.

ಗುಡಿಯ ಮುಂದೆ ಐವತ್ತು ಅರವತ್ತು ಮಂದಿ ಸೇರಿದ್ದರು. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿ, ಅದರ ಮೇಲೆ ಹಿತ್ತಾಳೆ ತಾಟಿನ ತುಂಬ ಭಂಡಾರ ಇಟ್ಟಿದ್ದರು. ಹಿಂದೆ ಪೂಜಾರಿ ಅಮಸಿದ್ದಪ್ಪ ಕೂತಿದ್ದ. ಎಪ್ಪತ್ತು ದಾಟಿದ ಮುದುಕ, ಮಾತು ಕಡಿಮೆ. ಹುಲೆಪ್ಪ ಕೆಳಗೆ ಮಣ್ಣಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಮೂರು ದಿನದಿಂದ ಊಟ ಮಾಡದವನ ಮುಖ ಅದು. ರೇವಪ್ಪ ಎದುರಿಗೆ ಮೀಸೆಯ ಮೇಲೆ ಕೈಯಿಟ್ಟು ನಿಂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

ಅಮಸಿದ್ದಪ್ಪ ತಂಗೆವ್ವನನ್ನು ಕರೆದ. "ಇಲ್ಲಿ ನೋಡವ್ವ. ಹುಲೆಪ್ಪ ನೀ ಅಲ್ಲಿದ್ದಿ ಅಂತಾನ. ಮಾಳು ನೀ ಇರಲಿಲ್ಲ ಅಂತಾನ. ಭಂಡಾರ ಮುಟ್ಟಿ ಖರೆ ಯಾವುದು ಹೇಳು."

ಹುಲೆಪ್ಪ ಎದ್ದುನಿಂತ. "ನನ್ನ ಮಾತ ಬಿಡ್ರಿ ಅಜ್ಜಾರ. ಆಕಿ ಏನ ಹೇಳ್ತಾಳ ಅದಕ್ಕ ನಾ ಒಪ್ಪಿದೆ. ಆಕಿ ಸುಳ್ಳ ಹೇಳೂ ಹೆಣ್ಣುಮಗಳಲ್ಲ."

ಆ ಮಾತು ಕೇಳಿ ತಂಗೆವ್ವ ಒಮ್ಮೆ ಮಾಳುವನ್ನು ನೋಡಿದಳು, ಒಮ್ಮೆ ನನ್ನನ್ನು. ಆಮೇಲೆ ನೆಲ ನೋಡುತ್ತ ಹೇಳಿದಳು, "ನಾ ಆಣಿ ಇಡಾಂಗಿಲ್ರಿ ಅಜ್ಜಾರ. ನಮ್ಮ ಸ್ವಾಮಿ ಬ್ಯಾಡ ಅಂದಾನ."

ಗದ್ದಲವೆದ್ದಿತು. "ನಮ್ಮ ದೇವರ ಅರಿಷಿಣ ಮುಟ್ಟಿದ್ರ ಕೈ ಸುಡತೈತೇನ ಆಕಿಗೆ?" ಎಂದು ಯಾರೋ ಕೂಗಿದರು. ಅಮಸಿದ್ದಪ್ಪ ಕೈ ಎತ್ತಿದ. "ಆಕಿ ದೇವರು ಆಕಿಗೆ. ಇಲ್ಲಿ ಜುಲುಮಿ ಇಲ್ಲ" ಎಂದ. ಎಷ್ಟು ದೊಡ್ಡ ಮಾತು! ನಾನು ಸೆರಗಿನೊಳಗೆ ಕೈ ಜೋಡಿಸಿ ಸ್ತೋತ್ರ ಹೇಳಿಕೊಂಡೆ. ಗೆದ್ದೆವು ಎಂದೇ ಅನ್ನಿಸಿತು.

ಹುಲೆಪ್ಪ ಕುಸಿದು ಕೂತ. "ಹಿಂಗ ಮಾಡಬ್ಯಾಡ ತಂಗೆವ್ವ," ಎಂದ. "ನೋಡಿದ್ದ ಹೇಳವಾ. ನನಗ ಸಣ್ಣ ಸಣ್ಣ ಮಕ್ಕಳದಾವು." ತಂಗೆವ್ವ ಮಂದಿಯ ನಡುವೆ ಹಿಂದಕ್ಕೆ ಸರಿದಳು.

ಅಮಸಿದ್ದಪ್ಪ ತಾಟನ್ನು ಇನ್ನೊಂದು ಕಡೆಗೆ ಸರಿಸಿದ. "ಹಂಗಾದ್ರ ಮಾಳು ಮುಟ್ಟಲಿ. ಚಿಗವ್ವ ಅಲ್ಲಿರಲಿಲ್ಲ, ಕುರಿ ನೀರ ಕುಡದ ಸತ್ತಾವು ಅಂತ ಭಂಡಾರ ಹಿಡದು ಹೇಳಲಿ. ಮುಗದುಹೋತು."

ಇದನ್ನು ನಾನು ಎಣಿಸಿರಲಿಲ್ಲ. ಮಾಳು ಬೀರೇಶ್ವರನನ್ನು ಉಸಿರಿನಷ್ಟೇ ನಂಬಿದವನು. ಎರಡೂ ಹೆಣ್ಣುಮಕ್ಕಳಿಗೆ ಹುಟ್ಟಿದ ಹನ್ನೊಂದನೆಯ ದಿನ ಇದೇ ತಾಟಿನ ಭಂಡಾರ ಹಚ್ಚಿಸಿದವನು. ಅವನ ಹೆಂಡತಿ ಪೂನಮ್ ಅಲ್ಲೇ ಬೇವಿನ ಮರದ ಕೆಳಗೆ ಚಿಕ್ಕದನ್ನು ಸೊಂಟದ ಮೇಲಿಟ್ಟುಕೊಂಡು, ದೊಡ್ಡದರ ಕೈ ಹಿಡಿದು ನಿಂತಿದ್ದಳು. ಮಾಳು ಚಪ್ಪಲಿ ಬಿಟ್ಟ. ಕಟ್ಟೆ ಹತ್ತಿದ. ಒಮ್ಮೆ ಮಕ್ಕಳ ಕಡೆ ನೋಡಿದ, ಮತ್ತೆ ನೋಡಲಿಲ್ಲ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಲಗೈ ಚಾಚಿದ. ತಾಟಿಗೂ ಕೈಗೂ ಒಂದು ಗೇಣು ಉಳಿದಿತ್ತು.

"ಮುಟ್ಟಬ್ಯಾಡಲೇ ಮಾಳೂ!"

ಅಷ್ಟು ದೊಡ್ಡ ಧ್ವನಿ ಆ ಸಣ್ಣ ದೇಹದಲ್ಲಿತ್ತೇ ಎಂದು ನಾನು ಬೆಚ್ಚಿಬಿದ್ದೆ. ತಂಗೆವ್ವ ಮಂದಿಯನ್ನು ನೂಕಿಕೊಂಡು ಕಟ್ಟೆ ಹತ್ತಿ ಅವನ ರಟ್ಟೆ ಹಿಡಿದು ಎಳೆದಳು.

"ಚಿಗವ್ವ, ಸುಮ್ಕಿರು," ಎಂದ ಮಾಳು ಹಲ್ಲು ಕಚ್ಚಿ.

"ಇರಾಂಗಿಲ್ಲ. ಮೂರ ದಿನ ಸುಮ್ಕಿದ್ದದ್ದು ಸಾಕಾತು." ಅವಳು ಮಂದಿಯ ಕಡೆ ತಿರುಗಿದಳು. "ಕೇಳ್ರೆಪಾ. ನಾ ಅಲ್ಲಿದ್ದೆ. ಹಿಂಡು ನನ್ನ ಕೈಯಾಗಿತ್ತು. ಕಿವ್ಯಾಗ ವೈರ ಹಾಕ್ಕೊಂಡು ಕುಂತಿದ್ದೆ, ಕುರಿ ಜೋಳದ ಚಿಗುರಿಗೆ ಹೊಕ್ಕವು. ತಿಂದು ಸತ್ತಾವು. ಹುಲೆಪ್ಪನ ನೀರಾಗ ಏನೂ ಇರಲಿಲ್ಲ. ನನ್ನ ಉಳಸಾಕಂತ ಈ ಹುಡುಗ ಸುಳ್ಳ ಹೇಳ್ಯಾನ."

ಅವಳು ನನ್ನ ಕಡೆ ನೋಡಿದಳು. ಅಷ್ಟು ಮಂದಿಯಲ್ಲಿ ನನ್ನೊಬ್ಬಳಿಗೇ ಹೇಳುವಂತೆ ಹೇಳಿದಳು.

"ಸ್ವಾಮಿ ಬ್ಯಾಡ ಅಂದದ್ದು ಅರಿಷಿಣಕ್ಕ ಅಂತ ತಿಳಕೊಂಡಿದ್ದೆನ್ರಿ ಅಕ್ಕೋರ. ಅಲ್ರಿ. ಅಂವಾ ಹೇಳಿದ್ದು ಬಾಯಿಗೆ. ಇದ್ದದ್ದ ಇದ್ದಂಗ ಹೇಳು, ಆಣಿ ಬೇಕಾಗಾಂಗಿಲ್ಲ ಅಂದಾನ. ನಾ ಬಾಯಿ ಮುಚಗೊಂಡು ಕೈ ಅಷ್ಟ ಸ್ವಚ್ಛ ಇಟ್ಟಕೊಂಡೆ. ನನ್ನ ಕೈ ಸ್ವಚ್ಛ ಇರಲಿ ಅಂತ ಈ ನನ್ನ ಮಗನ ಕೈ ತಾಟಿಗೆ ಹೋಗೂದ ನೋಡ್ಕೋತ ನಿಂತಿದ್ದೆನಲ್ರಿ! ಎಂಥಾ ಹಲ್ಕಟ್ಟ ಭಕ್ತಿರಿ ನಂದು!"

ಅದು ಅವಳದಲ್ಲ, ನನ್ನ ಭಕ್ತಿ.

ರೇವಪ್ಪ ಮುಂದೆ ಬಂದ. "ಹನ್ನೊಂದು ಕುರಿ!" ಎಂದ. "ಕಿವ್ಯಾಗ ದೇವರನ್ನ ಇಟಗೊಂಡು ನನ್ನ ಹನ್ನೊಂದು ಕುರಿ ತಿಂದ್ಯಲ್ಲಬೇ! ಊರಾಗ ನನ್ನ ಮಾನ ಕಳದಿ. ಇನ್ನ ನನ್ನ ಹೊಸ್ತಿಲ ತುಳಿಬ್ಯಾಡ ನೀ."

"ಆತ್ರಿ ಭಾವಾರ" ಎಂದಳು ತಂಗೆವ್ವ. ಅಷ್ಟೇ.

ಪಂಚರಲ್ಲೊಬ್ಬ ಕೆಮ್ಮಿ, "ಅದ್ನ ಈಗರೆ ಭಂಡಾರ ಮುಟ್ಟಿ ಹೇಳತಾಳೇನ ಕೇಳ್ರಿ" ಎಂದ. ಅಮಸಿದ್ದಪ್ಪ ಬಾಯಿ ತೆರೆಯುವ ಮೊದಲೇ ಹುಲೆಪ್ಪ ಎದ್ದ. ಅಳುತ್ತಿದ್ದ. "ಯಾಕ್ರೆಪಾ? ತನ್ನ ಮನಿ ತಾನ ಕಳಕೊಳ್ಳಾಕ ಯಾರರ ಸುಳ್ಳ ಹೇಳ್ತಾರೇನು?" ಮುದುಕ ಅಮಸಿದ್ದಪ್ಪ ತಂಗೆವ್ವನನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ತಾಟು ಎತ್ತಿಕೊಂಡು ಗುಡಿಯೊಳಗೆ ಹೋದ. ಪಂಚಾಯಿತಿ ಅಲ್ಲಿಗೆ ಮುಗಿಯಿತು, ಹುಲೆಪ್ಪ ಪಾರಾದ.

ಅರ್ಧ ತಾಸಿನಲ್ಲಿ ನಾವಿಬ್ಬರೂ ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಎರಡು ಸೀರೆ, ಒಂದು ಕಂಬಳಿ ಒಂದು ಚೀಲದಲ್ಲಿದ್ದವು. ಮೂವತ್ತೈದು ವರ್ಷಕ್ಕೂ ಮಿಕ್ಕಿದ ಸಂಸಾರ ಇಷ್ಟೇ. ಬಿಸಿಲು ಚುರುಗುಟ್ಟುತ್ತಿತ್ತು. "ನನ್ನ ಮನಿಗೆ ಬಾ" ಎಂದೆ. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ತಪ್ಪ ನಂದೈತಿ ತಂಗೆವ್ವ," ಎಂದೆ. ಜನ್ಮದಲ್ಲಿ ನಾನು ಈ ಮಾತು ಹೇಳಿದ್ದು ಕಡಿಮೆ. "ಅರ್ಧಾ ಪಾಠ ಹೇಳಿ ಪುಸ್ತಕ ಮುಚ್ಚಿದೆ. ಇವತ್ತ ಮುಂಜಾನೆ ಗೊತ್ತಾದ ಮ್ಯಾಲೂ ನಿನಗ ಅಡ್ಡದಾರಿ ತೋರಿಸಿದೆ."

"ನೀವು ತೋರ್ಸಿದ್ರಿ, ನಾ ಹೊಂಟೆ," ಎಂದಳು ಅವಳು. "ನನಗೂ ಅದ ದಾರಿ ಬೇಕಾಗಿತ್ರಿ. ನಿಮ್ಮನ್ನಷ್ಟ ಯಾಕ ಅನ್ಲಿ?"

ಅಷ್ಟರಲ್ಲಿ ಊರ ಕಡೆಯಿಂದ ಬೈಕು ಬಂತು. ಮಾಳು. ಎಂಜಿನ್ ಬಂದ್ ಮಾಡಿ ಹಾಗೇ ಕೂತ, ಇಳಿಯಲಿಲ್ಲ. ಚಿಗವ್ವನ ಮುಖ ನೋಡಲು ಅವನಿಗಾಗಲಿಲ್ಲ.

"ಹತ್ತ. ಮನಿಗೆ ಹೋಗೂನು."

"ಯಾವ ಮನಿಗೆ? ನಿಮ್ಮಪ್ಪ ಹೇಳಿದ್ದ ಕೇಳಿಲ್ಲೇನ?"

"ಕೇಳೇನಿ. ನಾನೂ ಹೇಳಿ ಬಂದೇನಿ. ಆಕಿ ಹೊರಗಾದ್ರ ನಾನು, ಪೂನಮ್, ಹುಡುಗ್ಯಾರು ಎಲ್ಲಾರೂ ಹೊರಗ ಅಂತ. ಅಪ್ಪ ಬೈಕೋತ ಕುಂತಾನ. ಕುಂಡ್ರಲಿ."

ತಂಗೆವ್ವ ಚೀಲ ಕೆಳಗಿಟ್ಟು ಅವನ ಹತ್ತಿರ ಹೋದಳು. "ಮಾಳು, ನಾ ಕೇಳಿದ್ದಕ್ಕ ಖರೆ ಹೇಳಬೇಕು. ನಾ ಒದರದಿದ್ರ ಭಂಡಾರ ಮುಟ್ಟತಿದ್ದೇನ ನೀ?"

"ಮುಟ್ಟತಿದ್ದೆ."

"ಮಕ್ಕಳ ಮ್ಯಾಲೆ ಬರತೈತಿ ಅಂತ ಗೊತ್ತಿದ್ದೂ?"

ಅವನು ಈಗ ಅವಳ ಮುಖ ನೋಡಿದ. "ಗೊತ್ತಿತ್ತು, ಚಿಗವ್ವ."

ಅವಳು ಅವನ ಕೆನ್ನೆಗೆ ಫಟಾರನೆ ಬಾರಿಸಿದಳು. ಎರಡು ಮಕ್ಕಳ ತಂದೆಗೆ, ನಡುರಸ್ತೆಯಲ್ಲಿ. ಮರುಕ್ಷಣವೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡು, ಬಾಯಿ ಬಿಟ್ಟು ಅಳತೊಡಗಿದಳು. ಬಸ್ಸು ಬಂತು, ಕಂಡಕ್ಟರ್ ಬಾಗಿಲಲ್ಲಿ ನಿಂತು ಬರುತ್ತೀರೇನ್ರಿ ಎಂದು ಕೂಗಿದ. ನಾನೊಬ್ಬಳೇ ಹತ್ತಿದೆ.